ಹುಷಾರಿಲ್ಲದ ಹೆಂಡತಿಯ ಕೋಣೆಗೆ ಕ್ಯಾಮೆರಾ ಹಾಕಬೇಕು ಅಂತಿದ್ದೇನೆ, ಹಾಕಿದವರು ಸ್ವಲ್ಪ ಹೇಳಿ

ಬಾಗಿಲಾಚೆ

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಗೆ ಪಾರ್ಕಿನ್ಸನ್ಸ್ ಬಂದು ಕೆಲವು ವರ್ಷಗಳಾದವು. ಹಗಲು ಹೇಗೋ ನಡೆಯುತ್ತದೆ. ಕಷ್ಟ ಇರುವುದು ರಾತ್ರಿ. ಕನಸು ಬಿದ್ದರೆ ನಿದ್ದೆಯಲ್ಲೇ ಕೈಕಾಲು ಜೋರಾಗಿ ಬೀಸುತ್ತಾಳೆ, ಅದಕ್ಕೇ ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದೇವೆ. ಮಧ್ಯರಾತ್ರಿ ಟಾಯ್ಲೆಟ್‌ಗೆ ಎದ್ದರೆ ನನ್ನನ್ನು ಕರೆಯುವುದಿಲ್ಲ. ಕರೆದರೆ ನನ್ನ ನಿದ್ದೆ ಕೆಡುತ್ತದಂತೆ. ಬಾಗಿಲ ಹತ್ತಿರ ಬಂದಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ, ಮೈ ಮಾತ್ರ ಮುಂದಕ್ಕೆ ಹೋಗುತ್ತದೆ. ಇತ್ತೀಚೆಗೆ ಹಾಗೇ ಬಿದ್ದಳು. ಮೂಳೆಗೆ ಏನೂ ಆಗಲಿಲ್ಲ, ಪುಣ್ಯ.

ಹಗಲಲ್ಲಿ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಮೀಟಿಂಗ್‌ನಲ್ಲಿ ಕಿವಿಗೆ ಹೆಡ್‌ಫೋನ್ ಇದ್ದರೆ ಅವಳು ಕೂಗಿದ್ದು ಕೇಳುವುದಿಲ್ಲ. ಅದೂ ಅಲ್ಲದೆ ಅವಳ ದನಿ ಈಗ ಮೊದಲಿನಷ್ಟು ಏರುವುದಿಲ್ಲ.

ಮನೆಗೆ ಹಾಕುವ ಸೆಕ್ಯುರಿಟಿ ಕ್ಯಾಮೆರಾ ಒಂದನ್ನು ಅವಳ ಕೋಣೆಗೆ ಹಾಕೋಣ ಅಂತಿದ್ದೇನೆ. ಯಾವ ಥರದ್ದು? ಎಲ್ಲಿಡಬೇಕು? ಅವಳು ಎದ್ದ ತಕ್ಷಣ ಫೋನ್‌ಗೆ ಅಲರ್ಟ್ ಬರುತ್ತದೆ ಅನ್ನುತ್ತಾರೆ, ಅದನ್ನು ನಂಬಬಹುದಾ? ಅವಳನ್ನು ಕೇಳಿದೆ. "ಹಾಕು, ಆದ್ರೆ ನಾನೇನು ಸಿನಿಮಾ ಅಲ್ಲ" ಅಂದಳು. ಅದನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿ.

ತಂತಿತಗಡು

ಸರ್, ಕ್ಯಾಮೆರಾ ಜೋಡಿಸುವುದೇ ನನ್ನ ಕೆಲಸ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಸೆಕ್ಯುರಿಟಿ ಕ್ಯಾಮೆರಾ ಮಾಡಿರುವುದು ಕಳ್ಳ ಬಂದನಾ ಅಂತ ಆಮೇಲೆ ನೋಡುವುದಕ್ಕೆ. ಒಬ್ಬರು ಬೀಳುವ ಮುಂಚೆ ಇನ್ನೊಬ್ಬರನ್ನು ಎಬ್ಬಿಸುವುದಕ್ಕಲ್ಲ. ಅಲರ್ಟ್ ಕ್ಯಾಮೆರಾದಿಂದ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ನಿಮ್ಮ ಫೋನ್‌ಗೆ ಬರಬೇಕು. ಒಮ್ಮೆ ಎರಡು ಸೆಕೆಂಡ್, ಒಮ್ಮೆ ಅರ್ಧ ನಿಮಿಷ. ಫೋನ್ ಬ್ಯಾಟರಿ ಉಳಿಸುವ ಮೋಡ್‌ನಲ್ಲಿದ್ದರೆ ಆ್ಯಪ್ ನಿದ್ದೆ ಹೋಗಿರುತ್ತದೆ, ಅಲರ್ಟ್ ಬೆಳಿಗ್ಗೆ ಒಟ್ಟಿಗೆ ಸುರಿಯುತ್ತದೆ. ರಾತ್ರಿ 'ಡು ನಾಟ್ ಡಿಸ್ಟರ್ಬ್' ಹಾಕಿಕೊಳ್ಳುವ ಅಭ್ಯಾಸ ಇದ್ದರೆ ಬಂದರೂ ಸದ್ದಾಗುವುದಿಲ್ಲ. ಆ ಆ್ಯಪ್‌ಗೆ ಎರಡೂ ಕಡೆ ವಿನಾಯಿತಿ ಕೊಡಬೇಕು. ಬಹಳ ಜನ ಅದನ್ನು ಮಾಡಿರುವುದಿಲ್ಲ.

ನೀವಿಬ್ಬರೂ ಒಂದೇ ಮನೆಯಲ್ಲಿರುವವರು, ಹಾಗಾಗಿ ರಾತ್ರಿಗೆ ಮಗುವಿಗೆ ಅಂತ ಮಾರುವ ಬೇಬಿ ಮಾನಿಟರ್ ನೋಡಿ. ಇಂಟರ್ನೆಟ್ ಬೇಡದ ಮಾದರಿ. ಕ್ಯಾಮೆರಾ ಮತ್ತು ಪುಟ್ಟ ಪರದೆ ನೇರವಾಗಿ ರೇಡಿಯೊದಲ್ಲಿ ಮಾತಾಡಿಕೊಳ್ಳುತ್ತವೆ. ನೆಟ್ ಹೋದರೂ ನಡೆಯುತ್ತದೆ, ತಡ ಇಲ್ಲ, ಹೊರಗಿನವರು ನೆಟ್ ಮೂಲಕ ಒಳಗೆ ಬರುವ ಪ್ರಶ್ನೆಯೂ ಇಲ್ಲ. ಮುಖ್ಯವಾಗಿ ದನಿ ಸದಾ ತೆರೆದಿರುತ್ತದೆ. ಮಂಚ ಕಿರ್ ಅಂದರೆ ನಿಮಗೆ ಕೇಳುತ್ತದೆ. ಚಿತ್ರಕ್ಕಿಂತ ದನಿಗೇ ಎಚ್ಚರ ಆಗುವುದು ಅಲ್ವಾ?

ನೀವು ಹೊರಗೆ ಹೋದಾಗಲೂ ನೋಡಬೇಕು ಅಂದರೆ ಮಾತ್ರ ವೈಫೈ ಕ್ಯಾಮೆರಾ. ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈನಲ್ಲಿ ಓಡುತ್ತವೆ. ಒಳ್ಳೆಯದೇ, 5 ಗಿಗಾಹರ್ಟ್ಸ್‌ಗಿಂತ ಗೋಡೆ ದಾಟುವುದು ಅದೇ. ಒಳಗೆ ಮೆಮೊರಿ ಕಾರ್ಡ್ ಹಾಕುವ ಜಾಗ ಇರುವುದನ್ನು ತಗೊಳ್ಳಿ. 1080ಪಿ ಚಿತ್ರ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಆದರೆ ಗಂಟೆಗೆ ಸುಮಾರು 0.9 ಜಿಬಿ, ದಿನಕ್ಕೆ ಹತ್ತಿರ ಹತ್ತಿರ 22 ಜಿಬಿ. 128 ಜಿಬಿ ಕಾರ್ಡ್‌ನಲ್ಲಿ ಐದಾರು ದಿನದ್ದು ಇರುತ್ತದೆ, ಆಮೇಲೆ ಹಳೆಯದನ್ನು ತಾನೇ ಅಳಿಸಿಕೊಂಡು ಹೋಗುತ್ತದೆ. ನಿಮಗೆ ಅಷ್ಟು ಸಾಕು. ಕಾರ್ಡ್ ಮಾತ್ರ ಪದೇಪದೇ ಬರೆದರೂ ತಾಳುವ 'ಹೈ ಎಂಡ್ಯೂರೆನ್ಸ್' ಜಾತಿಯದ್ದಿರಲಿ.

ಇನ್ನೊಂದು, ರೂಟರ್‌ಗೆ ಚಿಕ್ಕ ಯುಪಿಎಸ್ ಹಾಕಿ. ಕ್ಯಾಮೆರಾಗೂ. ಕರೆಂಟ್ ಹೋಗಿ ಕತ್ತಲಾದಾಗಲೇ ಮನುಷ್ಯ ಎಡವುವುದು.

ಬಿಳಿ ಟೋಪಿ

ನರ್ಸ್ ಆಗಿ ನಿವೃತ್ತಿ ಆದವಳು ನಾನು. ಮೇಲೆ ಹೇಳಿದ್ದು ಸರಿ, ಆದರೆ ಬೇಬಿ ಮಾನಿಟರ್ ಮುಂದೆ ನೀವು ರಾತ್ರಿಯಿಡೀ ಕಿವಿ ತೆರೆದು ಮಲಗಿದರೆ ವಾರದಲ್ಲಿ ಹಾಸಿಗೆ ಹಿಡಿಯುವವರು ನೀವು.

ಎಚ್ಚರಿಸುವ ಕೆಲಸವನ್ನು ಬೇರೆ ವಸ್ತುವಿಗೆ ಕೊಡಿ. ಹಾಸಿಗೆ ಕೆಳಗೆ ಇಡುವ ಸೆನ್ಸರ್ ಪ್ಯಾಡ್ ಸಿಗುತ್ತದೆ, ಭಾರ ಎದ್ದರೆ ನಿಮ್ಮ ಕೋಣೆಯ ಬೆಲ್ ಹೊಡೆಯುತ್ತದೆ. ನೆಲದ ಮೇಲೆ ಹಾಸುವ ಚಾಪೆಯಂಥದ್ದೂ ಇದೆ, ಕಾಲಿಟ್ಟರೆ ಬೆಲ್. ಬೆಲ್ ಹೊಡೆದಾಗ ಕ್ಯಾಮೆರಾ ನೋಡಿ. ಸುಮ್ನೆ ಮಗ್ಗುಲು ಬದಲಿಸಿದ್ದಾ, ನಿಜವಾಗಿ ಎದ್ದಿದ್ದಾ ಅಂತ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಬೆಲ್ ಎಬ್ಬಿಸಲಿ, ಕ್ಯಾಮೆರಾ ತೋರಿಸಲಿ, ಹೋಗುವುದು ನೀವು. ಈ ಮೂರರಲ್ಲಿ ಯಾವುದನ್ನೂ ಇನ್ನೊಂದರ ತಲೆಗೆ ಕಟ್ಟಬೇಡಿ.

ಪಾರ್ಕಿನ್ಸನ್ಸ್ ಇರುವವರಿಗೆ ಎದ್ದು ನಿಂತಾಗ ಬಿಪಿ ಇಳಿಯುವುದು ಸಾಮಾನ್ಯ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಮಲಗಿದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ಬಿಪಿ ನೋಡಿ ಡಾಕ್ಟರಿಗೆ ಹೇಳಿ. ನೀವು 'ಕಾಲು ಅಂಟಿತು' ಅಂದುಕೊಂಡದ್ದರಲ್ಲಿ ಒಂದಿಷ್ಟು ತಲೆಸುತ್ತೂ ಇರಬಹುದು. ಎದ್ದ ಕೂಡಲೇ ನಿಲ್ಲದೆ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರುತ್ತಾರಾ, ಇಲ್ಲವಾ ಅನ್ನುವುದು ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತದೆ.

ಬಾಗಿಲ ಹತ್ತಿರ ಕಾಲು ನಿಲ್ಲುವುದಕ್ಕೆ ಒಂದು ಸುಲಭ ಉಪಾಯ. ನೆಲಕ್ಕೆ ಅಡ್ಡಡ್ಡವಾಗಿ ಬಣ್ಣದ ಟೇಪ್ ಪಟ್ಟಿ ಅಂಟಿಸಿ, ಒಂದೊಂದು ಹೆಜ್ಜೆ ಅಂತರಕ್ಕೆ ಒಂದು. ಪಟ್ಟಿ ದಾಟಬೇಕು ಅಂದುಕೊಂಡಾಗ ಕಾಲು ಏಳುತ್ತದೆ. ಎಲ್ಲರಿಗೂ ಆಗುತ್ತದೆ ಅಂತಲ್ಲ, ಆದರೆ ಬಹಳ ಜನಕ್ಕೆ ಆಗುತ್ತದೆ. ಅದು ಕಾಣುವ ಹಾಗೆ ಕೆಳಮಟ್ಟದಲ್ಲಿ ಒಂದು ರಾತ್ರಿದೀಪ ಇರಲಿ.

ಜೇಬುಗಡಿಯಾರ

ಇಷ್ಟೆಲ್ಲ ಯಾಕೆ, ಹಳೇ ಫೋನ್ ಒಂದನ್ನು ಗೋಡೆಗೆ ಒರಗಿಸಿ ಕ್ಯಾಮೆರಾ ಆ್ಯಪ್ ಹಾಕಿದ್ರೆ ಸಾಕಲ್ವಾ? ಇಲ್ಲ ಅಂದ್ರೆ ಬಿದ್ದರೆ ತಿಳಿಸುವ ವಾಚ್.

ತಂತಿತಗಡು

ಒಂದೆರಡು ದಿನ ಪರೀಕ್ಷೆ ಮಾಡಿ ನೋಡಲಿಕ್ಕೆ ಹಳೇ ಫೋನ್ ಸರಿ. ವರ್ಷಗಟ್ಟಲೆ ಚಾರ್ಜರ್‌ಗೆ ಹಾಕಿಟ್ಟರೆ ಬಿಸಿಯಾಗಿ ಬ್ಯಾಟರಿ ಉಬ್ಬುತ್ತದೆ. ಹಾಸಿಗೆ ಪಕ್ಕದಲ್ಲಂತೂ ಬೇಡವೇ ಬೇಡ. ಹೆಚ್ಚಿನ ಫೋನ್‌ಗಳಿಗೆ ಕತ್ತಲಲ್ಲಿ ಕಾಣುವುದೂ ಇಲ್ಲ.

ಬಿಳಿ ಟೋಪಿ

ವಾಚ್ ಒಳ್ಳೆಯದೇ. ಆ್ಯಪಲ್ ವಾಚ್‌ನಲ್ಲಿ 2018ರ ಸೀರೀಸ್ 4ರಿಂದ ಇದೆ. ಆದರೆ ಅದು ಹಿಡಿಯುವುದು ಧಡ್ ಅಂತ ಬಿದ್ದದ್ದನ್ನು. ಮಂಚದಿಂದ ನಿಧಾನಕ್ಕೆ ಜಾರಿ ಕೂತರೆ, ಗೋಡೆ ಹಿಡಿದುಕೊಂಡು ಕುಸಿದರೆ ಎಷ್ಟೋ ಸಲ ಅದಕ್ಕೆ ಗೊತ್ತಾಗುವುದಿಲ್ಲ. ಕಾಯಿಲೆಯವರು ಹಾಗೇ ಬೀಳುವುದು ಜಾಸ್ತಿ. ಬಿದ್ದದ್ದಕ್ಕಿಂತ ಬಿದ್ದು ಏಳಲಾಗದೆ ಅಲ್ಲೇ ಉಳಿಯುವುದು ಕೆಟ್ಟದ್ದು. ಒಂದು ಗಂಟೆ ದಾಟಿದರೆ ಸ್ನಾಯು ಜಜ್ಜಿ ಕಿಡ್ನಿಗೆ ಪೆಟ್ಟು, ಮೈ ತಣ್ಣಗಾಗುವುದು, ಚರ್ಮ ಒಡೆಯುವುದು, ಎಲ್ಲ ಶುರು. ಕ್ಯಾಮೆರಾ ನಿಜವಾಗಿ ಉಳಿಸುವುದು ಆ ಹೊತ್ತನ್ನು.

ಮಂಚದ ಈ ಕಡೆ

ನೀವೆಲ್ಲ ನೋಡುವವರು. ನಾನು ನೋಡಿಸಿಕೊಳ್ಳುವವಳು. ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು-ನರಗಳ ಕಾಯಿಲೆ. ನನ್ನ ಕೋಣೆಯಲ್ಲಿ ಕ್ಯಾಮೆರಾ ಇದೆ, ಇರಲಿ ಅಂದವಳೂ ನಾನೇ. ಅದರಿಂದ ನನಗೆ ಸಿಕ್ಕಿದ್ದು ದೊಡ್ಡದು: ನಮ್ಮವರು ಪದೇಪದೇ ಬಾಗಿಲು ತೆಗೆದು ಇಣುಕುವುದು ನಿಂತಿತು. ಅವರು ಒಂದು ಗಂಟೆ ಹೊರಗೆ ಹೋಗಿ ಬರುತ್ತಾರೆ, ನಾನೂ ಒಂದು ಗಂಟೆ ಒಬ್ಬಳೇ ಇರುತ್ತೇನೆ. ಕಾಯಿಲೆಯವರಿಗೆ ಒಬ್ಬರೇ ಇರುವುದು ಎಷ್ಟು ಅಪರೂಪ ಅಂತ ಹುಷಾರಾಗಿರುವವರಿಗೆ ಗೊತ್ತಿರುವುದಿಲ್ಲ.

ಆದರೆ ಮೊದಲ ತಿಂಗಳು ಜಗಳವೋ ಜಗಳ. ಕಾರಣ ಕ್ಯಾಮೆರಾ ಅಲ್ಲ, ಸಂಜೆಯ ಪ್ರಶ್ನೆಗಳು. "ಮಧ್ಯಾಹ್ನ ಯಾಕೆ ಅಷ್ಟು ಹೊತ್ತು ಮಲಗಿದ್ದೆ? ವ್ಯಾಯಾಮ ಮಾಡಲಿಲ್ವಾ? ಫೋನಲ್ಲಿ ಯಾರ ಹತ್ರ ಮಾತಾಡ್ತಿದ್ದೆ?" ಬೀಳದೆ ಇರಲಿ ಅಂತ ಹಾಕಿದ್ದು ಹಾಜರಿ ಪುಸ್ತಕ ಆಗಿಬಿಟ್ಟಿತು. ಕೊನೆಗೆ ನಾನು ಕೆಲವು ಕರಾರು ಹಾಕಿದೆ:

ಕಂಡದ್ದರ ಬಗ್ಗೆ ಆಮೇಲೆ ಮಾತಾಡುವಂತಿಲ್ಲ, ನಾನಾಗಿ ಎತ್ತಿದರೆ ಸರಿ. ಬಟ್ಟೆ ಬದಲಿಸುವಾಗ, ಒರೆಸುವಾಗ ಕ್ಯಾಮೆರಾ ಗೋಡೆಗೆ ಮುಖ ಮಾಡಬೇಕು, ಆ ಬಟನ್ ನನ್ನ ಕೈಯಲ್ಲಿರಬೇಕು. ಬಾತ್‌ರೂಮಿನಲ್ಲಿ ಕ್ಯಾಮೆರಾ ಇಲ್ಲ, ಎಂದೂ ಇಲ್ಲ. ನಮ್ಮಿಬ್ಬರನ್ನು ಬಿಟ್ಟು ಇನ್ನು ಯಾರ ಫೋನಿಗೆ ಕೊಡಬೇಕಾದರೂ, ಮಕ್ಕಳಿಗೇ ಆಗಲಿ, ನನ್ನನ್ನು ಕೇಳಬೇಕು. ಇನ್ನೊಂದು ಇದೆ, ಅದು ನನಗೆ ತುಂಬಾ ಹಿಡಿಸಿದ್ದು: ನನ್ನ ಮಂಚದ ಪಕ್ಕ ಒಂದು ಪರದೆ ಇದೆ, ಅದರಲ್ಲಿ ಅವರು ಕೆಲಸ ಮಾಡುವ ಮೇಜು ಕಾಣುತ್ತದೆ. ಅವರು ನನ್ನನ್ನು ನೋಡಬಹುದಾದರೆ ನಾನೂ ಅವರನ್ನು ನೋಡುತ್ತೇನೆ. ಮೊದಲ ದಿನ ಮುಜುಗರ ಪಟ್ಟುಕೊಂಡರು. ಆಗಲೇ ಅವರಿಗೆ ಅರ್ಥ ಆದದ್ದು.

ಬಾಗಿಲಾಚೆ

ಅಕ್ಕ, ನಿಮ್ಮ ಪೋಸ್ಟ್ ಅವಳಿಗೆ ಓದಿ ಹೇಳಿದೆ. "ಆ ಹೆಂಗಸನ್ನ ಮನೆಗೆ ಕರಿ" ಅಂದಳು. ಗೋಡೆ ಕಡೆ ತಿರುಗಿಸುವ ಬಟನ್ ಅಂದರೆ ಏನು? ಅವಳಿಗೆ ಬೆರಳು ನಡುಗುತ್ತದೆ, ಫೋನ್ ಆ್ಯಪ್ ಒತ್ತುವುದು ಕಷ್ಟ.

ತಂತಿತಗಡು

ಅತಿ ಸುಲಭದ್ದು ಹೇಳುತ್ತೇನೆ. ಕ್ಯಾಮೆರಾದ ವಿದ್ಯುತ್ ಸಂಪರ್ಕವನ್ನು ಒಂದು ಸ್ಮಾರ್ಟ್ ಪ್ಲಗ್ ಮೂಲಕ ಕೊಡಿ, ಮಂಚದ ಪಕ್ಕದ ಹಿಡಿಗೆ ದೊಡ್ಡ ವೈರ್‌ಲೆಸ್ ಬಟನ್ ಅಂಟಿಸಿ. ಅಂಗೈಯಲ್ಲಿ ಒತ್ತಿದರೂ ಸಾಕು. ಒಮ್ಮೆ ಒತ್ತಿದರೆ ಕ್ಯಾಮೆರಾ ಆರುತ್ತದೆ, ಇಪ್ಪತ್ತು ನಿಮಿಷ ಆದ ಮೇಲೆ ತಾನೇ ಹತ್ತುವ ಹಾಗೆ ಹೊಂದಿಸಿ. ಇಲ್ಲದಿದ್ದರೆ ಮತ್ತೆ ಹಾಕುವುದನ್ನು ಇಬ್ಬರೂ ಮರೆಯುತ್ತೀರಿ. ಅವರು ಬಟನ್ ಒತ್ತಿದಾಗ ಕ್ಯಾಮೆರಾ ನಿಜವಾಗಿ ಆರಿದೆ ಅಂತ ಅವರಿಗೆ ಕಾಣಬೇಕು, ಹಾಗಾಗಿ ಅದರ ಪುಟ್ಟ ದೀಪವನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಬೇಡಿ. ಮತ್ತೆ, ಹಾಸಿಗೆಯ ಸೆನ್ಸರ್ ಈ ಪ್ಲಗ್‌ಗೆ ಸೇರಿರಬಾರದು. ಕ್ಯಾಮೆರಾ ಆರಿದರೂ ಬೆಲ್ ಇರಬೇಕು.

ಅದೇ ಬಟನ್‌ನಲ್ಲಿ ಎರಡು ಸಲ ಒತ್ತಿದರೆ ನಿಮ್ಮ ಕೆಲಸದ ಮೇಜಿನ ದೀಪ ಮಿಣುಕುವ ಹಾಗೂ ಮಾಡಬಹುದು. ಹೆಡ್‌ಫೋನ್ ಇದ್ದರೂ ಕಣ್ಣಿಗೆ ಕಾಣುತ್ತದೆ. ನಿಮ್ಮ ಹಗಲಿನ ತೊಂದರೆಗೆ ಕ್ಯಾಮೆರಾಗಿಂತ ಇದೇ ಒಳ್ಳೆಯ ಉತ್ತರ ಅಂತ ನನಗನ್ನಿಸುತ್ತದೆ.

ಇಳಿಬಿಸಿಲು

ನಮ್ಮನೆಯವರಿಗೆ ಲೂಯಿ ಬಾಡಿ ಡಿಮೆನ್ಷಿಯಾ, ಪಾರ್ಕಿನ್ಸನ್ಸ್‌ಗೆ ಹತ್ತಿರದ ಒಂದು ಮರೆವಿನ ಕಾಯಿಲೆ. ಕ್ಯಾಮೆರಾ ಹಾಕುವ ಮುಂಚೆ ಈ ಎರಡು ವಿಷಯ ತಿಳಿದುಕೊಳ್ಳಿ, ಯಾಕಂದರೆ ಪಾರ್ಕಿನ್ಸನ್ಸ್ ಮುಂದುವರಿದಾಗ ಕೆಲವರಿಗೆ ಇಲ್ಲದ್ದು ಕಾಣುವುದು ಶುರುವಾಗುತ್ತದೆ.

ಒಂದು, ಕತ್ತಲಲ್ಲಿ ಕ್ಯಾಮೆರಾದ ಕೆಂಪು ಚುಕ್ಕಿಗಳು. ಅವು ಇವರಿಗೆ ಕಣ್ಣುಗಳಾದವು. ಮೂಲೆಯಲ್ಲಿ ಯಾರೋ ಕೂತಿದ್ದಾರೆ ಅಂತ ರಾತ್ರಿಯಿಡೀ ಹಟ. ಎರಡು, ಕ್ಯಾಮೆರಾದಲ್ಲಿ ಮಾತಾಡುವ ಸೌಲಭ್ಯ ಇದೆಯಲ್ಲ, ಅದು. ನನ್ನ ದನಿ ಕೇಳಿದರೆ ಸಮಾಧಾನ ಆಗುತ್ತದೆ ಅಂತ ಎಲ್ಲರೂ ಹೇಳಿದರು. ಗೋಡೆಯೊಳಗಿಂದ ಹೆಂಡತಿ ಮಾತಾಡಿದರೆ ಯಾರಿಗೆ ತಾನೇ ಸಮಾಧಾನ? ಎದ್ದು ನನ್ನನ್ನು ಹುಡುಕಲು ಹೊರಟರು. ಮಲಗಿದ್ದವರನ್ನು ಎಬ್ಬಿಸಿ ನಡೆಸಿದ ಹಾಗಾಯಿತು. ಬುದ್ಧಿ ಪೂರ್ತಿ ನೆಟ್ಟಗಿರುವವರಿಗೆ ಅದು ಉಪಯೋಗ, ಗೊಂದಲ ಇರುವವರಿಗೆ ಬೇಡ.

ತಂತಿತಗಡು

ಕೆಂಪು ಚುಕ್ಕಿಗೆ ಪರಿಹಾರ ಇದೆ ಮೇಡಂ. ಕತ್ತಲಲ್ಲಿ ನೋಡಲು ಕ್ಯಾಮೆರಾ ಇನ್‌ಫ್ರಾರೆಡ್ ದೀಪ ಹಚ್ಚುತ್ತದೆ. 850 ನ್ಯಾನೊಮೀಟರ್‌ನದ್ದಾದರೆ ಮಸುಕಾಗಿ ಕೆಂಪು ಕಾಣುತ್ತದೆ. 940ರದ್ದು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಬೆಳಕು ಅಷ್ಟು ದೂರ ಹೋಗುವುದಿಲ್ಲ. ಒಂದು ಕೋಣೆಗೆ ಧಾರಾಳ ಆಯಿತು. ಪೆಟ್ಟಿಗೆ ಮೇಲೆ ಬರೆದಿರುತ್ತದೆ, ಇಲ್ಲವಾದರೆ ಕೇಳಿ ತಗೊಳ್ಳಿ.

ಎರಡನೇ ಪಾಳಿ

ನನ್ನ ಗಂಡನಿಗೆ ಫಿಟ್ಸ್. ನಮಗೆ ಕ್ಯಾಮೆರಾದ ದೊಡ್ಡ ಉಪಕಾರ ಆದದ್ದು ಡಾಕ್ಟರ ಮುಂದೆ. "ಎಷ್ಟು ಹೊತ್ತು ಬಂತು? ಯಾವ ಕೈ ಮೊದಲು? ಕಣ್ಣು ತೆರೆದಿತ್ತಾ? ತಲೆ ಯಾವ ಕಡೆ ತಿರುಗಿತು?" ಗಾಬರಿಯಲ್ಲಿ ಇದೆಲ್ಲ ಯಾರು ನೋಡಿರುತ್ತಾರೆ? ಐದು ನಿಮಿಷ ಆಯಿತು ಅಂತ ನಾನು ಆಣೆ ಹಾಕಿ ಹೇಳಬಲ್ಲೆ, ವಿಡಿಯೊದಲ್ಲಿ ನೋಡಿದರೆ ಎರಡು ನಿಮಿಷ ಕೂಡ ಇಲ್ಲ. ಗಡಿಯಾರದ ವ್ಯತ್ಯಾಸ ಸಣ್ಣದಲ್ಲ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಕ್ಯಾಮೆರಾದ ಚಿತ್ರದ ಮೂಲೆಯಲ್ಲಿ ಸಮಯ ಓಡುತ್ತಿರಲಿ, ಸೆಕೆಂಡ್ ಸಮೇತ. ಆ ಸಮಯ ಸರಿಯಿದೆಯಾ ಅಂತ ಆಗಾಗ ನೋಡಿ.

ಬೇಕಾದ ತುಣುಕನ್ನು ಅವತ್ತೇ ಬೇರೆ ಕಡೆ ಉಳಿಸಿಕೊಳ್ಳಿ, ಕಾರ್ಡ್ ತುಂಬಿದರೆ ಅದರ ಮೇಲೇ ಬರೆದುಬಿಡುತ್ತದೆ. ಬಾಗಿಲಾಚೆ ಅಣ್ಣ, ನಿಮ್ಮವರು ನಿದ್ದೆಯಲ್ಲಿ ಕೈಕಾಲು ಬೀಸುವುದನ್ನೂ ಹಾಗೇ ಡಾಕ್ಟರಿಗೆ ತೋರಿಸಿ. ಬಾಯಲ್ಲಿ ಹೇಳಿದ್ದಕ್ಕೂ ನೋಡಿದ್ದಕ್ಕೂ ಬಹಳ ವ್ಯತ್ಯಾಸ.

ಅನುಮಾನಪುರ

ಎಲ್ಲರೂ ಕ್ಯಾಮೆರಾ ಹಾಡಿ ಹೊಗಳುತ್ತಿದ್ದೀರಿ. ಮಲಗುವ ಕೋಣೆಯ ಚಿತ್ರ ಯಾರದೋ ಸರ್ವರ್‌ನಲ್ಲಿ ಕೂತಿರುತ್ತದೆ ಅನ್ನುವುದು ನೆನಪಿರಲಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್ ಥರದ ಸಾಧನಗಳ ಒಳಗೆ ನುಗ್ಗಿತು. ಹೇಗೆ? ಕಂಪನಿ ಕೊಟ್ಟ ಪಾಸ್‌ವರ್ಡ್ ಯಾರೂ ಬದಲಿಸಿರಲಿಲ್ಲ. 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮನೆ ಕ್ಯಾಮೆರಾ ಮಾಡುವ ರಿಂಗ್ ಕಂಪನಿ ಮೇಲೆ ಹೊರಿಸಿದ ಆರೋಪ ಓದಿ: ಗ್ರಾಹಕರ ಮನೆಯೊಳಗಿನ ಖಾಸಗಿ ವಿಡಿಯೊ ನೌಕರರ ಕೈಗೆ ಸಿಗುವಂತಿತ್ತು. 2024ರ ಫೆಬ್ರುವರಿಯಲ್ಲಿ ವೈಜ್ ಕ್ಯಾಮೆರಾದ ಸುಮಾರು 13,000 ಬಳಕೆದಾರರಿಗೆ ಬೇರೆಯವರ ಮನೆಯ ಚಿತ್ರಗಳು ಕಂಡವು. ಇದೆಲ್ಲ ಕಟ್ಟುಕತೆ ಅಲ್ಲ. ಹುಷಾರಿಲ್ಲದವರು ಅರೆಬಟ್ಟೆಯಲ್ಲಿರುತ್ತಾರೆ, ಅಳುತ್ತಿರುತ್ತಾರೆ. ಅದನ್ನು ನೆಟ್‌ಗೆ ಕಟ್ಟುವ ಮುಂಚೆ ಹತ್ತು ಸಲ ಯೋಚಿಸಿ.

ತಂತಿತಗಡು

ಹೇಳಿದ್ದು ಪೂರ್ತಿ ಸರಿ, ಅದಕ್ಕೇ ನಾನು ಮೊದಲು ಬೇಬಿ ಮಾನಿಟರ್ ಅಂದದ್ದು. ವೈಫೈ ಕ್ಯಾಮೆರಾನೇ ಬೇಕು ಅನ್ನುವವರಿಗೆ: ಕ್ಲೌಡ್ ಬಿಟ್ಟು ಕಾರ್ಡ್‌ನಲ್ಲಿ ಉಳಿಸಿ. ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್, ಜೊತೆಗೆ ಎರಡು ಹಂತದ ಲಾಗಿನ್. ಕ್ಯಾಮೆರಾವನ್ನು ರೂಟರ್‌ನ ಗೆಸ್ಟ್ ನೆಟ್‌ವರ್ಕ್‌ಗೆ ಹಾಕಿ, ನಿಮ್ಮ ಲ್ಯಾಪ್‌ಟಾಪ್ ಇರುವ ಕಡೆ ಬೇಡ. ಮನೆಯ ಬೇರೆಯವರಿಗೆ ನೋಡಲು ಕೊಡಬೇಕಾದರೆ ಆ್ಯಪ್‌ನಲ್ಲಿ 'ಶೇರ್' ಮಾಡಿ, ನಿಮ್ಮ ಪಾಸ್‌ವರ್ಡ್ ಹಂಚಬೇಡಿ. ನಾಳೆ ಹಿಂದಕ್ಕೆ ತಗೊಳ್ಳಬೇಕು ಅಂದರೆ ಒಂದು ಒತ್ತು ಸಾಕು. ಕೈ ಕೆಸರು ಮಾಡಿಕೊಳ್ಳಲು ಇಷ್ಟ ಇರುವವರು ಆರ್‌ಟಿಎಸ್‌ಪಿ ಅಥವಾ ಓನ್‌ವಿಫ್ (ಬೇರೆಯವರ ತಂತ್ರಾಂಶಕ್ಕೂ ಚಿತ್ರ ಕೊಡುವ ವಿಧಾನಗಳು) ಇರುವ ಕ್ಯಾಮೆರಾ ತಂದು, ಅದಕ್ಕೆ ಹೊರಗಿನ ನೆಟ್ ಪೂರ್ತಿ ಮುಚ್ಚಿ, ಮನೆಯ ಸಣ್ಣ ಕಂಪ್ಯೂಟರ್‌ನಲ್ಲಿ ಫ್ರಿಗೇಟ್ ಅನ್ನುವ ಕ್ಯಾಮೆರಾ ತಂತ್ರಾಂಶ ಓಡಿಸಬಹುದು. ಮನುಷ್ಯರನ್ನು ಗುರುತಿಸುವ ಕೆಲಸ ಮನೆಯೊಳಗೇ ಆಗುತ್ತದೆ. ಹೊರಗಿಂದ ನೋಡಬೇಕಾದರೆ ವೈರ್‌ಗಾರ್ಡ್ ಥರದ ವಿಪಿಎನ್, ಅಂದರೆ ಮನೆಯ ನೆಟ್‌ವರ್ಕ್ ಒಳಗೆ ಬರಲು ಬೀಗ ಹಾಕಿದ ದಾರಿ. ಆದರೆ ಅದು ಕೆಟ್ಟರೆ ರಾತ್ರಿ ರಿಪೇರಿ ಮಾಡುವವರೂ ನೀವೇ. ರೋಗಿಯನ್ನು ನೋಡಿಕೊಳ್ಳುವವರಿಗೆ ಇನ್ನೊಂದು ರೋಗಿ ಬೇಡ ಅಂತ ನನ್ನ ಅಭಿಪ್ರಾಯ.

ಬಾತ್‌ರೂಮಿಗೆ ಏನಾದರೂ ಬೇಕೇ ಬೇಕು ಅಂದರೆ ರೇಡಾರ್ ಸೆನ್ಸರ್ ಇದೆ, ಮಿಲಿಮೀಟರ್ ವೇವ್ ಅನ್ನುತ್ತಾರೆ. ಚಿತ್ರ ತೆಗೆಯುವುದಿಲ್ಲ, ಒಳಗೆ ಮನುಷ್ಯ ಇದ್ದಾರಾ ಅಂತ ಮಾತ್ರ ಹೇಳುತ್ತದೆ. ಹದಿನೈದು ನಿಮಿಷ ದಾಟಿದರೂ ಹೊರಗೆ ಬರಲಿಲ್ಲ ಅಂದರೆ ಬೆಲ್ ಅಂತ ಹೊಂದಿಸಬಹುದು. 'ಬಿದ್ದದ್ದನ್ನೂ ಹಿಡಿಯುತ್ತದೆ' ಅಂತ ಮಾರುವುದನ್ನು ಅಷ್ಟಾಗಿ ನಂಬಬೇಡಿ.

ಗಾಳಿಗಂಟೆ

ನನ್ನ ಹೆಂಡತಿ ಆಕ್ಸಿಜನ್ ಕಾನ್ಸೆಂಟ್ರೇಟರ್ ಮೇಲಿದ್ದಾಳೆ. ಅವಳ ಮೇಲೆ ಕ್ಯಾಮೆರಾ ಬೇಡ ಅಂದಳು, ಸರಿ ಅಂತ ಕ್ಯಾಮೆರಾವನ್ನು ಮಷಿನ್ ಕಡೆ ತಿರುಗಿಸಿದೆ. ಲೀಟರ್ ತೋರಿಸುವ ಕೊಳವೆ, ಎಚ್ಚರಿಕೆ ದೀಪ, ಪಕ್ಕದಲ್ಲಿ ಆಕ್ಸಿಮೀಟರ್ ಪರದೆ, ಇಷ್ಟೇ ಕಾಣುವುದು. ನನಗೆ ಬೇಕಾದದ್ದೂ ಇಷ್ಟೇ. ಮೊದಲು ಅಂಕಿಗಳು ಬರೀ ಬೆಳ್ಳಗೆ ಹೊಳೆಯುತ್ತಿದ್ದವು. ಎಕ್ಸ್‌ಪೋಷರ್ ಇಳಿಸಿ, ಇನ್‌ಫ್ರಾರೆಡ್ ಆರಿಸಿ, ಒಂದು ಮಂದ ದೀಪ ಇಟ್ಟ ಮೇಲೆ ಓದಲು ಬಂದವು. ಮಷಿನ್‌ನದ್ದೇ ಅಲಾರಂ ಇದೆ, ಅದರ ಜಾಗಕ್ಕೆ ಇದಲ್ಲ. ಹೊರಗಿದ್ದಾಗ ಮನಸ್ಸಿಗೆ ನೆಮ್ಮದಿ.

ಎರಡನೇ ಪಾಳಿ

ಇದು ಒಳ್ಳೇ ಐಡಿಯಾ! ಮನುಷ್ಯರನ್ನು ಬಿಟ್ಟು ಮಷಿನ್ ನೋಡುವುದು. ಒಂದು ಕೇಳಬೇಕಿತ್ತು. ಹಗಲು ನಮ್ಮಲ್ಲಿಗೆ ಸಂಬಳಕ್ಕೆ ನೋಡಿಕೊಳ್ಳುವವರು ಬರುತ್ತಾರೆ. ಅವರಿಗೆ ಕ್ಯಾಮೆರಾ ಇದೆ ಅಂತ ಹೇಳಲೇಬೇಕಾ?

ಬಿಳಿ ಟೋಪಿ

ಹೇಳಲೇಬೇಕು. ಮೊದಲ ದಿನವೇ, ಎಲ್ಲಿದೆ, ದನಿ ಕೂಡ ದಾಖಲಾಗುತ್ತದಾ ಅಂತ ಬಾಯಿಬಿಟ್ಟು ಹೇಳಿ. ದನಿಯ ವಿಷಯಕ್ಕೆ ಎಷ್ಟೋ ಕಡೆ ಕಾನೂನು ಚಿತ್ರಕ್ಕಿಂತ ಬಿಗಿ, ನೀವಿರುವಲ್ಲಿ ಏನಿದೆ ನೋಡಿಕೊಳ್ಳಿ. ಕಾನೂನು ಒಂದು ಕಡೆ ಇರಲಿ. ಆ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಬಚ್ಚಿಟ್ಟ ಕ್ಯಾಮೆರಾ ಸಿಕ್ಕಿದ ದಿನ ಒಳ್ಳೆಯವರು ಬಿಟ್ಟು ಹೋಗುತ್ತಾರೆ. ಹೇಳಿ ಇಟ್ಟರೆ ಒಳ್ಳೆಯವರಿಗೆ ಅದೇ ರಕ್ಷಣೆ. ಮೈಮೇಲೆ ಕಲೆ ಕಂಡರೆ ನಾನಲ್ಲ ಅಂತ ತೋರಿಸಲು ಅವರಿಗೂ ಸಾಕ್ಷಿ ಇರುತ್ತದೆ. ಏಟು, ಬೈಗುಳದ ಅನುಮಾನ ಬಲವಾಗಿದ್ದರೆ ಮಾತು ಬೇರೆ. ಆಗ ಕ್ಯಾಮೆರಾ ಇಟ್ಟು ಕಾಯುತ್ತಾ ಕೂರಬೇಡಿ, ಅವರನ್ನು ಅವತ್ತೇ ಬಿಡಿಸಿ.

ಬಾಗಿಲಾಚೆ

ಕೆಲವು ವಾರ ಆದವು, ಏನು ಮಾಡಿದೆ ಅಂತ ಹೇಳುತ್ತೇನೆ.

ರಾತ್ರಿಗೆ ಹಾಸಿಗೆಯ ಸೆನ್ಸರ್ ಪ್ಯಾಡ್ ಮತ್ತು ನೆಟ್ ಬೇಡದ ಮಾನಿಟರ್. ಹಗಲಿಗೆ 940ರ ಒಂದು ವೈಫೈ ಕ್ಯಾಮೆರಾ, ಕಾರ್ಡ್ ಹಾಕಿದ್ದು. ಜೊತೆಗೆ ಬಟನ್. ಬಟನ್ ಅವಳಿಗೆ ಬಹಳ ಹಿಡಿಸಿದೆ. ಮೊನ್ನೆ ಮೀಟಿಂಗ್ ನಡುವೆ ನನ್ನ ದೀಪ ಮಿಣುಕಿತು, ಓಡಿ ಹೋದರೆ "ಸುಮ್ನೆ, ಕೆಲಸ ಮಾಡುತ್ತಾ ಅಂತ ನೋಡಿದೆ" ಅಂದಳು.

ಕ್ಯಾಮೆರಾ ಎಲ್ಲಿಡಬೇಕು ಅನ್ನುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ತಲೆಯ ಕಡೆ ಇಟ್ಟರೆ ಮುಖ ಕಾಣುತ್ತದೆ, ಕಾಲು ಕಾಣುವುದಿಲ್ಲ. ನನಗೆ ಬೇಕಾದದ್ದು ಕಾಲು. ಕೊನೆಗೆ ಕಾಲ ಕಡೆಯ ಮೂಲೆಯಲ್ಲಿ, ಬಾಗಿಲಿಗಿಂತ ಸ್ವಲ್ಪ ಮೇಲೆ ಕೂರಿಸಿದೆ. ಈಗ ಮಂಚದ ಅಂಚು, ಚಪ್ಪಲಿ, ಟೇಪ್ ಪಟ್ಟಿ, ಬಾಗಿಲು ಎಲ್ಲ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ರಾತ್ರಿ ಕ್ಯಾಮೆರಾವನ್ನೂ ಹಾಕಿ ನೋಡಿದಾಗ ಇಡೀ ಚಿತ್ರ ಬೆಳ್ಳಗಾಗಿತ್ತು. ಎದುರಿನ ಬೀರುವಿನ ಕನ್ನಡಿ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಹೊಡೆಯುತ್ತಿತ್ತು. ಕನ್ನಡಿಗೆ ಬಟ್ಟೆ ಹಾಕಿದೆ. ಆಮೇಲೆ ರಾತ್ರಿಯಿಡೀ ಅಲರ್ಟ್. ಯಾಕೆ ಅಂದರೆ ಲೆನ್ಸ್ ಮುಂದೆಯೇ ಜೇಡ ಬಲೆ ಕಟ್ಟಿತ್ತು, ಒಂದೊಂದು ಎಳೆ ಅಲ್ಲಾಡಿದಾಗಲೂ 'ಚಲನೆ ಕಂಡಿದೆ'.

ಬೀಳುವುದು ನಿಂತಿತಾ ಅಂದರೆ, ಇಲ್ಲ. ಒಮ್ಮೆ ಮಂಚದ ಪಕ್ಕವೇ ಕುಸಿದು ಕೂತಳು. ಬೆಲ್ ಹೊಡೆಯಿತು, ನಾನು ಹೋಗುವಷ್ಟರಲ್ಲಿ ಆಗಿಹೋಗಿತ್ತು. ಆದರೆ ತಕ್ಷಣ ಹೋದೆ.

ಈಗ ನನ್ನ ತೊಂದರೆ ಬೇರೆ. ನೋಡುವುದನ್ನು ನಿಲ್ಲಿಸಲು ಆಗುತ್ತಿಲ್ಲ. ಅಂಗಡಿಗೆ ಹೋದರೂ ಫೋನ್, ಸ್ನಾನಕ್ಕೆ ಹೋದರೂ ಫೋನ್. ಅವಳು ಆರಾಮಾಗಿ ಮಲಗಿರುತ್ತಾಳೆ, ನಾನು ಉಸಿರಾಡುತ್ತಿದ್ದಾಳಾ ಅಂತ ಹೊದಿಕೆ ನೋಡುತ್ತಾ ನಿಂತಿರುತ್ತೇನೆ.

ಮಂಚದ ಈ ಕಡೆ

ಅದು ಎಲ್ಲರಿಗೂ ಬರುತ್ತದೆ. ನಮ್ಮವರಿಗೂ ಬಂದಿತ್ತು. ನಾನು ಮಾಡಿಸಿದ್ದು ಇಷ್ಟು: ಆ್ಯಪನ್ನು ಫೋನಿನ ಮೊದಲ ಪರದೆಯಿಂದ ತೆಗೆಸಿದೆ. ಅಲರ್ಟ್ ಬಂದರೆ ನೋಡಿ, ಬರದಿದ್ದರೆ ನಾನು ಚೆನ್ನಾಗಿದ್ದೇನೆ ಅಂತ ಲೆಕ್ಕ. ನನಗೇ ಅನುಮಾನ ಬಂದರೆ ಬಟನ್ ಒತ್ತುತ್ತೇನೆ. ಮೊದಲು ಅವರಿಗೆ ಕೈ ಕಡಿಯುತ್ತಿತ್ತು. ಈಗ ಮರೆತು ಪೇಪರ್ ಓದುತ್ತಾರೆ.

ಮತ್ತೆ ಅಣ್ಣ, ನಿಮ್ಮ ಹೆಂಡತಿ ನಿಮ್ಮ ಜೊತೆ ಇರುವುದು ಕೋಣೆಯಲ್ಲಿ. ಪರದೆಯಲ್ಲಿ ನೋಡಿದ್ದನ್ನು 'ಇವತ್ತು ಅವಳ ಜೊತೆ ಇದ್ದೆ' ಅಂತ ಲೆಕ್ಕ ಹಾಕಬೇಡಿ. ಇದು ಸ್ವಲ್ಪ ಒರಟಾಯಿತು, ಆದರೆ ನಮ್ಮ ಕಡೆಯಿಂದ ಅದೇ ಎದ್ದು ಕಾಣುವುದು. ಕ್ಯಾಮೆರಾ ಬಂದ ಮೇಲೆ ಕೋಣೆಗೆ ಬರುವುದು ಕಡಿಮೆ ಆಗುತ್ತದೆ.

ಇಳಿಬಿಸಿಲು

ಹೌದು. ನಾನು ಈಗ ಕೆಲಸ ಇಲ್ಲದಿದ್ದರೂ ಹೋಗಿ ಕೂರುತ್ತೇನೆ. ಅವರಿಗೆ ನಾನು ಯಾರು ಅಂತ ಕೆಲವು ದಿನ ಗೊತ್ತಾಗುವುದಿಲ್ಲ, ಆದರೂ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ.

ಬಾಗಿಲಾಚೆ

ಅರ್ಥ ಆಯಿತು ಅಕ್ಕ. ಆ್ಯಪನ್ನು ಒಳಗೆ ಬಚ್ಚಿಟ್ಟಿದ್ದೇನೆ. ಈಗ ಪ್ಯಾಡ್‌ನದ್ದು ಒಂದು ಪ್ರಶ್ನೆ ಇದೆ. ಅವಳು ಮಗ್ಗುಲು ಬದಲಿಸಿದರೂ ಬೆಲ್ ಹೊಡೆಯುತ್ತದೆ. ಹೀಗೇ ಆದರೆ ಯಾವತ್ತೋ ಒಂದು ದಿನ ನಾನು ಅದನ್ನು ಕಿತ್ತು ಬಿಸಾಕುತ್ತೇನೆ.

ಬಿಳಿ ಟೋಪಿ

ಆಸ್ಪತ್ರೆಯಲ್ಲೂ ಇದೇ ಕತೆ. ಅಲಾರಂ ಜಾಸ್ತಿ ಆದರೆ ಕಿವಿ ಮುಚ್ಚಿಕೊಳ್ಳುತ್ತದೆ. ಪ್ಯಾಡ್ ಎಲ್ಲಿ ಹಾಕಿದ್ದೀರಿ? ಭುಜದ ಕೆಳಗಿದ್ದರೆ ಬೇಗ ಹೊಡೆಯುತ್ತದೆ, ಮಗ್ಗುಲಿಗೂ ಹೊಡೆಯುತ್ತದೆ. ಸೊಂಟದ ಕೆಳಗೆ ಸರಿಸಿ, ಎರಡು ಮೂರು ಸೆಕೆಂಡ್ ತಡ ಇಡಲು ಬರುತ್ತದಾ ನೋಡಿ. ಇಷ್ಟಾದರೂ ನಿಲ್ಲದಿದ್ದರೆ ಪ್ಯಾಡ್ ಬಿಟ್ಟು ನೆಲದ ಚಾಪೆಗೆ ಹೋಗಿ. ಚಾಪೆ ಜಾರದ ಹಾಗೆ ನಾಲ್ಕೂ ಅಂಚು ಅಂಟಿಸಿ, ಅದೇ ಎಡವಲು ಕಾರಣ ಆಗಬಾರದು.

ತಂತಿತಗಡು

ಮತ್ತೆ ವಾರಕ್ಕೊಮ್ಮೆ ಪರೀಕ್ಷೆ ಮಾಡಿ. ನೀವೇ ಮಂಚದ ಮೇಲೆ ಮಲಗಿ ಎದ್ದು ನೋಡಿ ಬೆಲ್ ಬರುತ್ತದಾ ಅಂತ. ರೂಟರ್ ಪ್ಲಗ್ ಕಿತ್ತು ಯುಪಿಎಸ್ ಹಿಡಿಯುತ್ತದಾ ನೋಡಿ. ಬ್ಯಾಟರಿ ಸೆನ್ಸರ್‌ಗಳು ಸತ್ತದ್ದನ್ನು ಎಷ್ಟೋ ಸಲ ಯಾರಿಗೂ ಹೇಳುವುದಿಲ್ಲ.

ಬಾಗಿಲಾಚೆ

ಸೊಂಟದ ಕೆಳಗೆ ಸರಿಸಿದ ಮೇಲೆ ಬೆಲ್ ಬಹಳ ಕಡಿಮೆ ಆಗಿದೆ, ತುಂಬಾ ಥ್ಯಾಂಕ್ಸ್.

ಇವತ್ತು ಡಾಕ್ಟರ್ ಹತ್ತಿರ ಹೋಗಿದ್ದೆವು. ಯಾವ ತುಣುಕು ತೋರಿಸಬೇಕು ಅಂತ ಅವಳೇ ಆರಿಸಿದಳು, ಒಂದನ್ನು ಅಳಿಸಿಯೂ ಬಿಟ್ಟಳು, ನಾನು ಕೇಳಲಿಲ್ಲ. ಮಾತ್ರೆಯ ಹೊತ್ತು ಹತ್ತಿರ ಬಂದಾಗ ಹೆಜ್ಜೆ ಹೇಗೆ ಚಿಕ್ಕದಾಗುತ್ತದೆ, ಮಾತ್ರೆ ತಗೊಂಡ ಮೇಲೆ ಎಷ್ಟು ಹೊತ್ತಿಗೆ ಸಡಿಲ ಆಗುತ್ತದೆ ಅನ್ನುವುದು ಗಂಟೆ ಸಮೇತ ಅದರಲ್ಲಿತ್ತು. ಡಾಕ್ಟರ್ ಎರಡು ಸಲ ನೋಡಿದರು. ರಾತ್ರಿಯ ಮಾತ್ರೆ ಬದಲಿಸಿದ್ದಾರೆ, ಮಲಗಿದಾಗ ಮತ್ತು ನಿಂತಾಗ ಬಿಪಿ ಬರೆದಿಡಲು ಹೇಳಿದ್ದಾರೆ. ಹೊಸ ಮಾತ್ರೆ ಇವತ್ತಿನಿಂದ ಶುರು. ಹೇಗಾಗುತ್ತದೆ ಅಂತ ಬರೆಯುತ್ತೇನೆ. ಟೇಪ್ ಪಟ್ಟಿ ಮಾತ್ರ ಒಂದು ಕಡೆ ಏಳುತ್ತಿದೆ, ಒರೆಸಿದರೂ ಕಿತ್ತು ಬರದ ಟೇಪ್ ಯಾವುದಾದರೂ ಗೊತ್ತಿದ್ದರೆ ಹೇಳಿ.

ತಂತಿತಗಡು

ಮೆಟ್ಟಿಲಿಗೆ ಹಾಕುವ ಜಾರದ ಟೇಪ್ ಬರುತ್ತದೆ, ಮರಳು ಕಾಗದದ ಹಾಗೆ ಒರಟು. ಹಳದಿ ಬಣ್ಣದ್ದು ತಗೊಳ್ಳಿ. ನೆಲ ಒರೆಸಿ, ಪೂರ್ತಿ ಒಣಗಿಸಿ ಅಂಟಿಸಿ. ಅಂಚು ದಪ್ಪ ಇದ್ದರೆ ಮಾತ್ರ ಬೇಡ, ಕಾಲು ತಗಲುತ್ತದೆ.